ಹನ್ನೆರಡು ಗಂಟೆಯ ವಿಠ್ಠಲರಾಯರು

ವಿಠ್ಠಲರಾಯರು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಆದರೂ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಬಂದು ವಿಡಿಯೋ ಗೇಮ್ ಆಡಿ ಹೋಗುವುದನ್ನು ಅವರು ಬಿಟ್ಟಿರಲಿಲ್ಲ.

ಶಹಾಬಾದಿನ ಆ ಓಣಿಗೆ ಇದು ರೂಢಿಯಾಗಿ ಹೋಗಿತ್ತು. ಬೀಗ ಹಾಕಿದ ಕೋಣೆಯೊಳಗಿಂದ ‘ಟೀಂವ್ ಟೀಂವ್’ ಎಂದು ಕೇಳಿದರೆ ಹೆಂಗಸರು ಅನ್ನಕ್ಕಿಡುತ್ತಿದ್ದರು. ಗಡಿಯಾರ ತಪ್ಪಬಹುದು, ರಾಯರು ತಪ್ಪುತ್ತಿರಲಿಲ್ಲ. ಆದರೆ 2001ರ ಏಪ್ರಿಲ್‌ನ ಒಂದು ಭಾನುವಾರ ಸಪ್ಪಳದ ಜೊತೆಗೆ ಸುಟ್ಟ ವಾಸನೆಯೂ ಬಂತು. ತಾಪತ್ರಯ ಶುರುವಾದದ್ದು ಅಲ್ಲಿಂದ.

ಅದೇ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ ಸೂರ್ಯಕಾಂತ ಫರ್ಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಮೋಟಾರು ರಿಪೇರಿ ಮಾಡುವವನು. ರಜೆಯ ದಿನವೆಂದು ಗಡ್ಡ ಹೆರೆದುಕೊಳ್ಳುತ್ತಿದ್ದ. ಅರ್ಧ ಗಲ್ಲ ಮುಗಿದಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಬಿಬಿಜಾನ್ ಗೋಡೆಯ ಮೇಲೆ ತಲೆ ಹಾಕಿದಳು.

“ವಾಸ್ನಿ ಬಂತೇನು ಸೂರ್ಯಕಾಂತ? ಇವತ್ತ ರಾಯರು ಭಾಳ ಗುಸ್ಸಾದಾಗ ಇದ್ದಾರ.”

“ವೈರ್ ಸುಟ್ಟಿರಬೇಕು, ಖಾಲಾ.”

“ವೈರಿಗಿ ಏನ್ ಗುಸ್ಸಾ ಇರ್ತದ? ನಿನಗ ಸುದ್ದಿ ಗೊತ್ತಿಲ್ಲ ಬಿಡು. ಮೊನ್ನಿ ಸೇಡಂದಿಂದ ರಾಯರ ಮಗಳು ಧನಶ್ರೀ ಗಂಡ ಬಂದು ಹೋದ. ಅತ್ತಿಗಿ ಕರ್ಕೊಂಡು ಹೋಗ್ತಾನಂತ, ಮನಿ ಮಾರ್ತಾನಂತ. ಎಲ್ಲಾ ಆ ವಿಡಿಯೋ ಗೇಮ್ ಡಬ್ಬಿ ಸಲುವಾಗಿ. ದೆವ್ವ ಓಡ್ಯಾಡೋ ಮನ್ಯಾಗ ಒಬ್ಬಾಕಿ ಹೆಣ್ಮಗಳು ಎಷ್ಟ್ ದಿನ ಇರ್ತಾಳ?”

ಸೂರ್ಯಕಾಂತ ಗಡ್ಡದ ಕತ್ತಿ ಕೆಳಗಿಟ್ಟ. ಈ ಮನೆ ಸಿಕ್ಕದ್ದೇ ಒಂದು ಪವಾಡ. ಊರಲ್ಲಿ ಅವನು ಕೇಳಿದ ಮನೆಗಳೆಲ್ಲ ಅವನ ಹೆಸರು ಹೇಳುವವರೆಗೆ ಖಾಲಿಯಿದ್ದು, ಹೆಂಡತಿಯ ಹೆಸರು ಲುಂಬಿನಿ ಎಂದ ಕೂಡಲೇ ಜಾತಿ ತಿಳಿದು ತುಂಬಿಬಿಡುತ್ತಿದ್ದವು. ಹದಿನಾಲ್ಕು ಮನೆ ಹೀಗೆ ಕಣ್ಣೆದುರಿಗೇ ತುಂಬಿದ ಮೇಲೆ, ರಾಯರ ಹೆಂಡತಿ ಅನಸೂಯಾಬಾಯಿ ಒಬ್ಬರೇ “ನಳ ಬಿಗಿ ಬಂದ್ ಮಾಡ್ತೀರೇನು?” ಎಂದಷ್ಟೇ ಕೇಳಿ ಕೀಲಿಕೈ ಕೊಟ್ಟಿದ್ದರು. ಈ ಮನೆ ಹೋದರೆ ಹದಿನೈದನೆಯದು ಎಲ್ಲಿಂದ ತರುವುದು?

ಡಬ್ಬಿಯನ್ನು ಇವತ್ತೇ ನೆಟ್ಟಗೆ ಮಾಡಿ, ಒಳಗೆ ರಾಯರಿಲ್ಲ ಎಂದು ತೋರಿಸಿದರೆ ಮುಗಿಯಿತಲ್ಲ!

“ಸತ್ತವರ ಸಾಮಾನಿಗಿ ಕೈ ಹಚ್ಚಬ್ಯಾಡ್ರಿ,” ಎಂದಳು ಲುಂಬಿನಿ.

“ಮನಿ ಬೇಕಿಲ್ಲೇನು ನಿನಗ?”

ಲುಂಬಿನಿ ಅವನ ಚೀಲದೊಳಗೆ ಇಣುಕಿದಳು. “ಪಾನಾ, ಇಕ್ಕಳ ಎಲ್ಲಾ ತಗೊಂಡೀರಿಲ್ಲ?”

ಅನಸೂಯಾಬಾಯಿ ಕೋಣೆಯ ಬಾಗಿಲ ಮುಂದೆಯೇ ಮಣೆ ಹಾಕಿಕೊಂಡು ಕೂತಿದ್ದರು. “ನಾ ನೋಡ್ತೀನ್ರಿ ಬಾಯಾರೇ,” ಎಂದ ಸೂರ್ಯಕಾಂತ. ಅವರು ಅವನ ಅರ್ಧ ಗಡ್ಡವನ್ನೇ ನೋಡಿ, ಸೆರಗಿನ ಗಂಟಿನಿಂದ ಕೀಲಿಕೈ ಬಿಚ್ಚಿದರು. “ನೋಡಪಾ. ನನಗೂ ತಿಳೀಬೇಕಾಗ್ಯಾದ.”

ಒಳಗೆ ಹೆಜ್ಜೆಯಿಟ್ಟದ್ದೇ ತಡ, ಹೊರಗಿನ ಏಪ್ರಿಲ್ ಹೊರಗೇ ನಿಂತುಬಿಟ್ಟಿತು. ಕಿಟಕಿ ಮುಚ್ಚಿತ್ತು. ಕಾಲಡಿಯ ಫರ್ಸಿ ಹೆಣದ ಹಣೆಯಂತೆ ತಣ್ಣಗಿತ್ತು. ಕತ್ತಲಲ್ಲಿ ಟಿವಿಯೊಂದೇ ನೀಲಿಯಾಗಿ ಉರಿಯುತ್ತಿತ್ತು. ಅದರ ಮೇಲೆ ಹಳದಿ ಅಂಗಿಯ ಗಿಡ್ಡ ಮನುಷ್ಯನೊಬ್ಬ ಬಲಕ್ಕೆ, ಬಲಕ್ಕೆ, ಬಲಕ್ಕೇ ನಡೆಯುತ್ತಿದ್ದ. ಟಿವಿಯ ಎದುರಿಗೆ ಖಾಲಿ ಜೋಕಾಲಿ. ಜೋಕಾಲಿಯ ಮೇಲೆ ಗುಂಡಿಗಳ ರಿಮೋಟು. ಅದನ್ನು ಯಾರೂ ಮುಟ್ಟಿರಲಿಲ್ಲ. ಬಾಗಿಲು ತೆರೆದ ಗಾಳಿಗೋ ಏನೋ, ಜೋಕಾಲಿ ಒಮ್ಮೆ ಕಿರ್ರ್ ಎಂದಿತು. ಡಬ್ಬಿಯ ಹಾಡು ಕಾವಿಗೆ ನಿಧಾನವಾಗುತ್ತ, ಕೆಳಗಿಳಿಯುತ್ತ, ಕೊನೆಗೆ ಮುದುಕರು ಮಗ್ಗಲು ಬದಲಿಸುವಾಗ ನರಳಿದಂತೆ ಕೇಳತೊಡಗಿತು.

ಸೂರ್ಯಕಾಂತ ಡಬ್ಬಿಯ ಸ್ವಿಚ್ ಆರಿಸಿದ.

ಹಳದಿ ಅಂಗಿಯವನು ನಡೆಯುತ್ತಲೇ ಇದ್ದ.

“ಬಂದ್ ಆಗಂಗಿಲ್ಲ ಅದು!” ಎಂದು ಕಿಟಕಿಯ ಸಂದಿನಿಂದ ಒಂದು ದನಿ ಬಂತು. ಸೂರ್ಯಕಾಂತ ಎರಡಡಿ ಹಾರಿದ. ಎದುರು ಮನೆಯ ರೇವಣಸಿದ್ದಯ್ಯ. ಊರಲ್ಲಿ ಯಾರ ಮೈಮೇಲೆ ಏನೇ ಬರಲಿ, ಮೊದಲ ಸಾಲಿನಲ್ಲಿ ನಿಲ್ಲುವ ಹಿರಿಯರು. “ರಿಮೋಟ್ ಕೈಯಾಗ ಹಿಡ್ಕೊಂಡೇ ಜೀವ ಬಿಟ್ಟಾರ. ಸ್ವಿಚ್‌ಗಿ ಬಗ್ಗಂಗಿಲ್ಲ. ಹಣಿಗಿ ವಿಭೂತಿ ಹಚ್ಕೋ ಮೊದ್ಲ.”

ವಿಭೂತಿಗಿಂತ ಮೊದಲು ಡಬ್ಬಿಯ ಕಾವು ಇಳಿಸಬೇಕಿತ್ತು. ಶಹಾಬಾದಿನಲ್ಲಿ ಕಾದ ಯಂತ್ರವನ್ನು ತಣಿಸುವ ವಿದ್ಯೆ ಒಂದೇ. ಪಾಲಿಶ್ ಮಷೀನು ಕಾದರೆ ಅದರಡಿಯ ಕಲ್ಲಿಗೆ ನೀರು ಬಿಡುವುದು. ಹದಿನೆಂಟು ವರ್ಷದ ರೂಢಿ, ಕೈ ಕೇಳಬೇಕಲ್ಲ! ಅವನು ಡಬ್ಬಿಯನ್ನು ನೆಲಕ್ಕಿಳಿಸಿ, ಸುತ್ತಲಿನ ಫರ್ಸಿಯ ಮೇಲೆ ಒಂದು ತಂಬಿಗೆ ನೀರು ಸುರಿದ. ನೀರಿನಲ್ಲೇ ಬರಿಗಾಲಲ್ಲಿ ಕುಕ್ಕರಗಾಲು ಕೂತು ಮುಚ್ಚಳ ಬಿಚ್ಚಿ, ಒಳಗೆ ಬೆರಳಿಟ್ಟ.

ಮುಂದಿನದು ಅವನಿಗೆ ನೆನಪಿಲ್ಲ. ಕಿಟಕಿಯಲ್ಲಿದ್ದವರಿಗೆ ಚೆನ್ನಾಗಿ ನೆನಪಿದೆ. ಸೂರ್ಯಕಾಂತ ಕೂತಲ್ಲಿಂದಲೇ ಹಿಂದಕ್ಕೆ ಹಾರಿ ಸರಿಯಾಗಿ ರಾಯರ ಜಾಗದಲ್ಲಿ, ಜೋಕಾಲಿಯ ಮೇಲೆ ಹೋಗಿ ಬಿದ್ದ. ಕೂದಲು ನೆಟ್ಟಗೆ ನಿಂತಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು. ಜೋಕಾಲಿ ಹಿಂದೆ ಮುಂದೆ ತೂಗುತ್ತಿತ್ತು.

“ಬಂದ್ರು! ರಾಯರು ಮೈಮ್ಯಾಲ ಬಂದ್ರು!” ಎಂದು ಕೂಗಿದ ರೇವಣಸಿದ್ದಯ್ಯ ಓಡಿ ಒಳಗೆ ಬಂದವರೇ ಕೈ ಮುಗಿದರು. “ರಾಯರೇ, ನೀವು ಪಂಢರಪುರಕ್ಕ ಹೋಗುಮುಂದ ನನ್ನ ಹಿತ್ತಾಳಿ ಚರಿಗಿ ಒಯ್ದಿದ್ರಿ. ಎಲ್ಲಿ ಇಟ್ಟೀರಿ, ಅಪ್ಪಣಿ ಆಗ್ಲಿ.”

ಸೂರ್ಯಕಾಂತನ ಬಲಗೈ ತನ್ನಷ್ಟಕ್ಕೆ ಮೇಲೆದ್ದು ಅದುರಿತು.

“ಅಟ್ಟದ ಮ್ಯಾಲ ಅದ ಅಂತ!” ಎಂದು ಅವರೇ ಅರ್ಥ ಹೇಳಿದರು.

ಹತ್ತಿ ನೋಡಿದರೆ ಚರಿಗೆ ಅಲ್ಲೇ ಇತ್ತು. ಅಲ್ಲಿಂದ ಮುಂದೆ ಅರ್ಧ ತಾಸು ಸೂರ್ಯಕಾಂತನನ್ನು ಯಾರೂ ಜೋಕಾಲಿಯಿಂದ ಇಳಿಯಗೊಡಲಿಲ್ಲ. ಬಿಬಿಜಾನ್ ತನ್ನ ಕಳೆದ ಕೋಳಿಯ ವಿಚಾರ ಕೇಳಿದಳು. ಅವನು ಬಾಗಿಲ ಕಡೆ ನೋಡಿ “ನೀರು, ನೀರು” ಎಂದ. ಕೋಳಿ ಬಾವಿಗೆ ಬಿದ್ದಿದೆಯೆಂದು ಗಟ್ಟಿಯಾಯಿತು. ಕೊನೆಗೆ ಲುಂಬಿನಿ ಬಂದು ನೆತ್ತಿಯ ಮೇಲೆ ಕೊಡದ ನೀರು ಸುರಿದಾಗಲೇ ರಾಯರು ಅವನನ್ನು ಬಿಟ್ಟದ್ದು.

ಈ ಸಲ ಅವನು ಹುಷಾರಾದ. ಕಪಾಟಿನ ಹಿಂದೆ ಕೈ ಹಾಕಿ ಪ್ಲಗ್ ಕಿತ್ತು, ಒಣ ಜಾಗದಲ್ಲಿ ಕೂತು ಒಳಗೆ ನೋಡಿದ. ವೈರುಗಳು ಶಾವಿಗೆ ಒಣಹಾಕಿದಂತೆ ಹರಡಿದ್ದವು. ವಾಡಿ ಸ್ಟೇಷನ್ನಿನ ಪಾರ್ಸಲ್ ಆಫೀಸಿನಿಂದ ರಿಟೈರ್ ಆದ ರಾಯರು, ಗುಲ್ಬರ್ಗಾದಿಂದ ತಂದ ಆ ಬಡಪಾಯಿ ಡಬ್ಬಿಯನ್ನು ಕೈಲಾದಷ್ಟು ಸುಧಾರಿಸಿದ್ದರು. ಹೊರಗಿರಬೇಕಾದ ಅಡಾಪ್ಟರನ್ನು ಒಳಗೆ ತುರುಕಿದ್ದರು. ಜೋಕಾಲಿಯ ಮೇಲೆ ಕೂತು ಆಡಲೆಂದು ರಿಮೋಟಿಗೆ ಹನ್ನೆರಡು ಅಡಿ ವೈರು ಬೆಸೆದಿದ್ದರು. ಸ್ವಿಚ್ ಕೆಟ್ಟಾಗ ಅದರ ಎರಡೂ ವೈರು ಸೇರಿಸಿ ಹೊಸೆದುಬಿಟ್ಟಿದ್ದರು. ಅಂದರೆ ಡಬ್ಬಿ ಯಾವಾಗಲೂ ಚಾಲೂ. ಟಿವಿಯದೂ ಅದೇ ಕತೆ. ಬೆಳಿಗ್ಗೆ ಆರಕ್ಕೆ ಹೋದ ಕರೆಂಟು ದಿನಾ ಬರುತ್ತಿದ್ದದ್ದೇ ಮಧ್ಯಾಹ್ನ ಹನ್ನೆರಡಕ್ಕೆ!

ಓಣಿಯವರೆಲ್ಲ ಆ ಹೊತ್ತಿಗೆ ತಮ್ಮ ತಮ್ಮ ಫ್ಯಾನ್ ಚಾಲೂ ಆದದ್ದಕ್ಕೆ ದೇವರನ್ನು ನೆನೆಯುತ್ತಿದ್ದರು. ಅದೇ ಹೊತ್ತಿಗೆ ಚಾಲೂ ಆದ ಡಬ್ಬಿಗೆ ಮಾತ್ರ ರಾಯರನ್ನು.

ಇನ್ನು ಹಳದಿ ಅಂಗಿಯವನ ನಡಿಗೆ. ಕರೆಂಟನ್ನು ಐದು ವೋಲ್ಟಿಗೆ ಇಳಿಸುವ ಮೂರು ಕಾಲಿನ ಸಣ್ಣ ರೆಗ್ಯುಲೇಟರಿಗೆ ಕಾವು ಬಿಡಲು ತಗಡೇ ಇರಲಿಲ್ಲ. ದಿನಾ ಅದು ಕಾದು ಡಬ್ಬಿ ತಾನೇ ನಿಂತಾಗ, ರಾಯರು ಎದ್ದು ಹೋದರೆಂದು ಓಣಿಯವರು ತಿಳಿಯುತ್ತಿದ್ದರು. ಅದು ಹೆಂಚಿನಂತೆ ಕಾದು, ಮೇಲೆ ಹಾದಿದ್ದ ರಿಮೋಟಿನ ವೈರುಗಳ ಚರ್ಮ ಕರಗಿಸಿತ್ತು. ಆಟ ಶುರು ಮಾಡುವ ವೈರೂ ಬಲಕ್ಕೆ ನಡೆಸುವ ವೈರೂ ಒಂದಕ್ಕೊಂದು ಅಂಟಿಕೊಂಡಿದ್ದವು, ಯಾರೋ ಎರಡೂ ಗುಂಡಿ ಒತ್ತಿ ಹಿಡಿದ ಹಾಗೆ.

“ಖಾಲಾ, ಒಂದು ಅಲ್ಯುಮಿನಿಯಂ ಮುಚ್ಚಳ ಕೊಡ್ರಿ!”

“ರಾಯರಿಗೇನು?”

“ಹ್ಞೂಂ, ಅವರಿಗೇ.”

ಬಿಬಿಜಾನ್ ಅನ್ನದ ಪಾತ್ರೆಯ ಮುಚ್ಚಳವನ್ನೇ ತೊಳೆದು ತಂದಳು. ಸೂರ್ಯಕಾಂತ ಅದನ್ನು ಕತ್ತರಿಸಿ ರೆಗ್ಯುಲೇಟರಿಗೆ ಸ್ಕ್ರೂ ಹಾಕಿ ಬಿಗಿದ. ವೈರುಗಳನ್ನು ಬಿಡಿಸಿ ಟೇಪು ಸುತ್ತಿದ. ಹೊಸ ಸ್ವಿಚ್ ಹಾಕಿದ. ಮೂರು ಗಂಟೆಗೆ ಎಲ್ಲರೆದುರು ಪ್ಲಗ್ ಹಾಕಿದ. ಹಳದಿ ಅಂಗಿಯವನು ಕಲ್ಲಿನಂತೆ ನಿಂತ. ರಿಮೋಟು ಒತ್ತಿದರೆ ನಡೆದ, ಬಿಟ್ಟರೆ ನಿಂತ. ಸ್ವಿಚ್ ಆರಿಸಿದರೆ ಆರಿದ. ನೋಡಲು ಬಂದವರು ದುಡ್ಡು ಕೊಟ್ಟು ಕೂತ ನಾಟಕ ಅರ್ಧಕ್ಕೇ ನಿಂತವರಂತೆ ಮುಖ ಮಾಡಿಕೊಂಡು ಚದುರಿದರು.

ಅನಸೂಯಾಬಾಯಿ ಬಾಗಿಲಲ್ಲೇ ನಿಂತಿದ್ದರು. “ಹಂಗಾದ್ರ ಇವರು ಬರ್ಲಿಕತ್ತಿದ್ದಿಲ್ಲ?”

“ಇಲ್ರಿ ಬಾಯಾರೇ. ಬರೇ ವೈರು.”

“ಒಂದ್ ದಿನಾನೂ ಬಂದಿಲ್ಲ?”

“ಒಂದ್ ದಿನಾನೂ ಇಲ್ರಿ!” ಎಂದ ಸೂರ್ಯಕಾಂತ, ಬಹುಮಾನಕ್ಕೆ ಕೈ ಒಡ್ಡಿದವನ ಹಾಗೆ.

ಅವರು ಜೋಕಾಲಿಯ ಸರಪಳಿಯನ್ನೊಮ್ಮೆ ಸವರಿದರು. “ಧನಶ್ರೀ ಹನ್ನೊಂದು ತಿಂಗಳಿಂದ ಕರೀಲಿಕತ್ತಾಳ, ಮನಿ ಮಾರಿ ಸೇಡಂಕ ಬಾ ಅಂತ. ಇವರು ಮಧ್ಯಾಹ್ನ ಬರ್ತಾರ, ಮನ್ಯಾಗ ಯಾರೂ ಇಲ್ಲಂದ್ರ ಹೆಂಗ ಅಂತ ನಾ ಒಲ್ಲೆ ಅಂದಿದ್ದೆ. ಅಳಿಯಗ ಮೊನ್ನಿ ಬೈದು ಕಳ್ಸೀನಿ. ಇನ್ನ ಯಾರ ಸಲುವಾಗಿ ಕೂಡ್ಲಿ? ಒಂದು ಮನಿ ನೋಡ್ಕೋಪಾ ಸೂರ್ಯಕಾಂತ. ಈ ತಿಂಗಳು ಮುಗಿಸಿ ಹೋಗ್ತೀನಿ.”

ಅಷ್ಟು ಹೇಳಿ ಟ್ರಂಕು ಇಳಿಸಲು ಒಳಗೆ ಹೋದರು.

ಸೂರ್ಯಕಾಂತ ಬಾಗಿಲು ಮುಂದೆ ಮಾಡಿಕೊಂಡು ಹುಚ್ಚನಂತೆ ಕೆಲಸಕ್ಕೆ ಬಿದ್ದ. ಮುಚ್ಚಳದ ತಗಡು ಕಿತ್ತ. ಟೇಪು ಬಿಚ್ಚಿದ. ವೈರು ಕೆರೆದು ಮತ್ತೆ ಅಂಟಿಸಿದ. ಡಬ್ಬಿಯ ಮೇಲೆ ಕಂಬಳಿ ಹೊದಿಸಿ ಕಾಯಿಸಿದ. ಏನು ಮಾಡಿದರೂ ಹಳದಿ ಅಂಗಿಯವನು ಅಳ್ಳಾಡಲಿಲ್ಲ. ಹಾಳಾದದ್ದನ್ನು ರಿಪೇರಿ ಮಾಡಿ ಗೊತ್ತಿತ್ತೇ ಹೊರತು, ರಿಪೇರಿಯಾದದ್ದನ್ನು ಮೊದಲಿದ್ದ ಹಾಗೇ ಹಾಳು ಮಾಡುವ ವಿದ್ಯೆ ಅವನಿಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಬೇಸತ್ತು ಡಬ್ಬಿಯದೂ ಟಿವಿಯದೂ ಎರಡೂ ಪ್ಲಗ್ ಕಿತ್ತು, ವೈರು ಮೊಣಕೈಗೆ ಸುತ್ತತೊಡಗಿದ.

ಆಗ ಜೋಕಾಲಿ ಕಿರ್ರ್ ಎಂದಿತು.

ಗಾಳಿಯಿರಲಿಲ್ಲ. ರಾಯರು ಏರಿಸುತ್ತಿದ್ದ ನಸ್ಯದ ವಾಸನೆ ಮೂಗಿಗೆ ತಾಗಿತು. ಟಿವಿ ನೀಲಿಯಾಗಿ ಹೊತ್ತಿಕೊಂಡಿತು. ಸೂರ್ಯಕಾಂತ ತನ್ನ ಕೈ ನೋಡಿಕೊಂಡ. ಎರಡೂ ಪ್ಲಗ್ ಕೈಯಲ್ಲೇ ಇದ್ದವು. ಜೋಕಾಲಿಯ ಮೇಲೆ ರಿಮೋಟಿನ ಗುಂಡಿಗಳು ಟಕ್, ಟಕ್ ಎಂದು ಒಂದೊಂದಾಗಿ ಒತ್ತಿಕೊಂಡವು. ಹಳದಿ ಅಂಗಿಯವನು ಮೈ ಕೊಡವಿ ಓಡತೊಡಗಿದ. ಎರಡು ಗೋಡೆ ಹಾರಿದ, ಒಂದು ಕಾಗೆಯಿಂದ ತಪ್ಪಿಸಿಕೊಂಡ, ಒಂದು ದೊಡ್ಡ ತೆಗ್ಗಿನ ಅಂಚಿಗೆ ಬಂದು ನಿಂತ, ಹಾರಿದ, ಸೀದಾ ಒಳಗೆ ಬಿದ್ದು ಸತ್ತ. ಜೋಕಾಲಿಯ ಕಡೆಯಿಂದ ಯಾರೋ ‘ಛೇ’ ಎಂದರು. ಟಿವಿ ಆರಿತು.

ಸೂರ್ಯಕಾಂತ ಒಳಮನೆಗೆ ಓಡಿದ್ದು ಹೆದರಿಕೆಗೋ ಸಂತೋಷಕ್ಕೋ ಅವನಿಗೇ ತಿಳಿಯಲಿಲ್ಲ.

“ಬಾಯಾರೇ! ಬಂದಾರ್ರಿ! ರಾಯರು ಬಂದಾರ! ಪ್ಲಗ್ಗೇ ಇಲ್ಲ, ಆಡಿದ್ರು!”

ಅನಸೂಯಾಬಾಯಿಯವರ ಕೈಯಲ್ಲಿದ್ದ ಮಡಚಿದ ಸೀರೆ ಅಲ್ಲೇ ನಿಂತಿತು. ಮುಖದಲ್ಲಿ ಹನ್ನೊಂದು ತಿಂಗಳ ಹಿಂದಿನ ಬೆಳಕು ಬಂತು. “ಖರೇ? ಎಲ್ಲಿತನಾ ಹೋದ್ರು?”

“ಗ್ವಾಡಿ ಹಾರಿದ್ರು, ಕಾಗಿ ದಾಟಿದ್ರು. ಆಮ್ಯಾಲ ಒಂದು ದೊಡ್ಡ ತೆಗ್ಗ ಬಂತ್ರಿ...”

ಇಲ್ಲಿ ಅವನ ನಾಲಿಗೆ ತಡೆಯಿತು. ಎಷ್ಟೆಂದರೂ ಗಂಡನನ್ನು ಕಳಕೊಂಡ ಹಿರಿಯ ಹೆಣ್ಣುಮಗಳು. ನಿಮ್ಮವರು ಬಿದ್ದು ಮತ್ತೆ ಸತ್ತರು ಎಂದು ಮುಖಕ್ಕೆ ಮುಖ ಕೊಟ್ಟು ಹೇಳುವುದೆಂಥ ಮಾತು? ಅಪಶಕುನ ನುಡಿಯುವ ಮನೆತನದವನಲ್ಲ ಅವನು.

“...ಹಾರಿ ದಾಟೇ ಬಿಟ್ರು ನೋಡ್ರಿ! ಆ ಕಡಿ ಇಳದು ಹೋದ್ರು, ಹಿಂದ ತಿರುಗಿ ನೋಡ್ಲಿಲ್ಲ.”

ಬೆಳಕು ಆರಿತು. ಸೀರೆ ಟ್ರಂಕಿಗೆ ಬಿತ್ತು.

“ಹಂಗಾದ್ರ ಅವರಲ್ಲ.”

“ಯಾಕ್ರಿ?”

“ನಾಕು ವರ್ಷ ಬಾಜೂಕ ಕುಂತು ನೋಡೀನಿ. ಆ ತೆಗ್ಗ ಅವರು ಒಂದ್ ಸಲಾನೂ ದಾಟಿಲ್ಲ. ದಿನಾ ಅಲ್ಲೇ ಬೀಳೋರು, ‘ಛೇ’ ಅನ್ನೋರು. ಕಡೀ ದಿನಾನೂ ಅಲ್ಲೇ ಬಿದ್ದಿದ್ರು.”

“ಬಿದ್ರು ರೀ!” ಎಂದು ಕಿರುಚಿದ ಸೂರ್ಯಕಾಂತ. “ಬಾಯಾರೇ, ಖರೇ ಅಂದ್ರ ಬಿದ್ರು ರೀ! ನಿಮ್ಮ ಪಾದ ಮುಟ್ಟಿ ಹೇಳ್ತೀನಿ, ಸತ್ತೇ ಹೋದ್ರು ರೀ! ‘ಛೇ’ನೂ ಅಂದ್ರು ರೀ!”

ಅನಸೂಯಾಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಇರ್ಲಿಕ್ಕ ಒಂದು ಮನಿ ಬೇಕಂತ, ತೀರ್ಕೊಂಡ ಮನಿಷ್ಯಾಗ ಮತ್ತೊಮ್ಮಿ ತೆಗ್ಗಿಗಿ ನೂಕ್ತಿಯೇನೋ?” ಎಂದವರೇ ಟ್ರಂಕಿನ ಮುಚ್ಚಳವನ್ನು ಧಡ್ಡನೆ ಹಾಕಿದರು.