ಒಂಬತ್ತನೇ ನಂಬರ್ ಮನೆಯ ಚೀಲಗಳು

೧೯೮೭ರಲ್ಲಿ, ಏಳನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡದ ಅಕ್ಷರಗಳನ್ನು ಆಮೇಲೆ ದೊಡ್ಡಪ್ಪ ಮಗ್ಗದ ಪಕ್ಕ ಕೂರಿಸಿ ಕಲಿಸಿದರು. ಓದು ಬಿಟ್ಟಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಕೆಲಸ ಕಂಡರೆ ಕೂತಿರಲಾರದ ಕೈ ನನ್ನದು. ಆ ಕೈಯೇ ನನ್ನನ್ನು ಹಾಳು ಮಾಡಿದ್ದು ಹೇಗೆಂದು ಹೇಳುತ್ತೇನೆ.

ತಿರುಪ್ಪೂರಿನಲ್ಲಿ, ಪಲ್ಲಡಂ ರಸ್ತೆಯಿಂದ ಒಳಗೆ, ಒಬ್ಬ ಮೊದಲಾಳಿಯ, ಅಂದರೆ ಮಾಲೀಕರ, ಒಂದೇ ಸಾಲಿನ ಹದಿನಾಲ್ಕು ಲೈನ್ ಮನೆಗಳಿಗೆ ನಾನು ಮ್ಯಾನೇಜರ್. ಮ್ಯಾನೇಜರ್ ಅಂದರೆ ನೀರಿನ ಮೋಟಾರು ಹಾಕುವವನು, ಜಗಳ ಬಿಡಿಸುವವನು, ಚರಂಡಿಗೆ ಕೋಲು ಹಾಕುವವನು. ಹದಿಮೂರು ಮನೆಯವರು ನನ್ನ ಮಾತು ಕೇಳುತ್ತಿದ್ದರು. ಒಂಬತ್ತನೇ ನಂಬರಿನ ರಂಗಕ್ಕ ಕೇಳುತ್ತಿರಲಿಲ್ಲ. ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ. ನಮ್ಮ ಹಾಗೇ ಮನೆಯೊಳಗೆ ಕನ್ನಡ, ಹೊರಗೆ ತಮಿಳು. ದಿನಾ ಸಂಜೆ ಒಂದು ಚೀಲ ಕತ್ತರಿಸಿ ಉಳಿದ ಕಟಿಂಗ್ ಬಟ್ಟೆ, ನೂಲು ಮುಗಿದ ನಾಲ್ಕು ಕೋನು, ಒಂದು ರಟ್ಟಿನ ಅಟ್ಟೆಪೆಟ್ಟಿಗೆ ತರುತ್ತಿದ್ದರು. ತಂದದ್ದು ಹೊರಗೆ ಹೋಗುತ್ತಿರಲಿಲ್ಲ. ಕಿಟಕಿ ಮುಚ್ಚಿತು, ಮಂಚ ಮುಚ್ಚಿತು, ಕೊನೆಗೆ ಗ್ಯಾಸ್ ಒಲೆಯ ಮಗ್ಗುಲಲ್ಲೇ ಬಟ್ಟೆಯ ರಾಶಿ.

ಅದನ್ನು ನೋಡಿದ ಮೊದಲಾಳಿ ಹೌಹಾರಿದರು. "ಬೆಂಕಿ ಹತ್ತಿದ್ರೆ ಹದಿನಾಲ್ಕು ಮನೇನೂ ಬೂದಿ. ಯುಗಾದಿಯೊಳಗೆ ಸರಿ ಮಾಡ್ಸು, ಇಲ್ಲಾಂದ್ರೆ ಆಯಮ್ಮನ್ನ ಖಾಲಿ ಮಾಡ್ಸು" ಎಂದರು. ಖಾಲಿ ಮಾಡಿದರೆ ರಂಗಕ್ಕ ಹೋಗುವುದೆಲ್ಲಿಗೆ? ಅಷ್ಟು ಚೀಲದ ಹೆಂಗಸಿಗೆ ತಿರುಪ್ಪೂರಿನಲ್ಲಿ ಯಾರೂ ಬಾಗಿಲು ತೆರೆಯರು.

ನನಗೆ ಕೂತರೂ ಚಡಪಡಿಕೆ, ನಿಂತರೂ ಚಡಪಡಿಕೆ. ಅಷ್ಟರಲ್ಲಿ ಪೊಂಗಲ್ ಹಬ್ಬದ ಹಿಂದಿನ ದಿನ, ಭೋಗಿ ಬಂತು. ನಮ್ಮ ಕಡೆ ಅಂದು ಮನೆ ಗುಡಿಸಿ, ಹಳೆಯದನ್ನು ಹೊರಹಾಕಿ, ಸೂರಿಗೆ ಬೇವು, ಆವರಿಕೆ ಹೂ ಸೇರಿಸಿ ಕೇಡು ಬಾರದಿರಲೆಂದು ಕಾಪು ಕಟ್ಟುತ್ತಾರೆ. ರಂಗಕ್ಕ ಧಾರಾಪುರಂಗೆ, ತಂಗಿಯ ಮನೆಗೆ ಹೋಗಿದ್ದರು. ಇನ್ನೊಂದು ಬೀಗದ ಕೈ ನನ್ನಲ್ಲಿತ್ತು. ಇಬ್ಬರು ಆಳುಗಳನ್ನು ಕರೆದು ಬೆಳಗಿನಿಂದ ಮಧ್ಯಾಹ್ನದವರೆಗೆ ಎಲ್ಲವನ್ನೂ ವೇಸ್ಟ್ ಅಂಗಡಿಯ ವ್ಯಾನಿಗೆ ತುಂಬಿದೆ. ನೆಲ ತೊಳೆದೆ. ಬಾಗಿಲಿಗೆ ನಾನೇ ಕಾಪು ಕಟ್ಟಿದೆ. ಪುಣ್ಯದ ಕೆಲಸ ಮಾಡಿದವನ ಹಾಗೆ ಎರಡು ಸಲ ಟೀ ಕುಡಿದೆ.

ರಂಗಕ್ಕ ಬಂದರು. ಬೈಯಲಿಲ್ಲ. ಬರಿ ನೆಲವನ್ನು ನೋಡುತ್ತಾ, "ಎಲ್ಲಾ ಎಲ್ಲಿ ತಂಬಿ?" ಎಂದು ಮೆಲ್ಲಗೆ ಕೇಳಿದರು. ಬಾಗಿಲು ಹಾಕಿಕೊಂಡವರು ಪೊಂಗಲ್ ಮುಗಿಯುವವರೆಗೆ ಒಲೆ ಹಚ್ಚಲಿಲ್ಲ. ಆಮೇಲೆ ಸಂಜೆಗೆ ಮೂರು ಚೀಲದಂತೆ ತರತೊಡಗಿದರು. ತಿಂಗಳೊಳಗೆ ರಾಶಿ ನನ್ನ ಎದೆಮಟ್ಟ ಬಂತು. ಬೀಗವೂ ಹೊಸದು.

ಬಿಪಿ ನೋಡಲು ಲೈನ್ ಮನೆಗಳಿಗೆ ಬರುವ ನರ್ಸಮ್ಮನಿಗೆ ನನ್ನ ಸಾಧನೆ ಹೇಳಿಕೊಂಡೆ. ಬಿಪಿ ಪಟ್ಟಿ ನನ್ನ ತೋಳಿನಲ್ಲೇ ಇತ್ತು. ಅವರು ಇನ್ನೂ ಸ್ವಲ್ಪ ಬಿಗಿದರು ಅಂತ ನನ್ನ ಅನುಮಾನ. "ಅದು ಸೋಮಾರಿತನ ಅಲ್ಲಣ್ಣ, ಕಾಯಿಲೆ. ಕಸ ಅಂತ ಬಾಯಿ ತಪ್ಪಿಯೂ ಅನ್ಬೇಡಿ. ಮೊದಲು ಒಲೆ ಸುತ್ತ ಜಾಗ, ಆಮೇಲೆ ಬಾಗಿಲವರೆಗೂ ದಾರಿ. ತೆಗೆಯೋ ಕೈ ಅವರದ್ದೇ ಆಗಿರ್ಬೇಕು. ಒಪ್ಪಿದ್ರೆ ಮನಸ್ಸಿನ ಡಾಕ್ಟರ್ ಹತ್ರ ನಾನು ಕರ್ಕೊಂಡು ಹೋಗ್ತೀನಿ."

"ಮತ್ತೆ ನನ್ನ ಕೆಲಸ ಏನು?"

"ಪಕ್ಕದಲ್ಲಿ ಕೂತ್ಕೊಳ್ಳೋದು."

ನಲವತ್ತು ವರ್ಷದಲ್ಲಿ ಯಾರೂ ನನಗೆ ಇಷ್ಟು ಕಷ್ಟದ ಕೆಲಸ ಹೇಳಿರಲಿಲ್ಲ. ಅದಕ್ಕಿಂತ ಕಷ್ಟದ್ದು ಕ್ಷಮೆ ಕೇಳುವುದು. ಮೂರು ದಿನ ಒಂಬತ್ತನೇ ನಂಬರಿನ ಮುಂದೆ, ಕೆಟ್ಟಿರದ ನಲ್ಲಿಯನ್ನು ರಿಪೇರಿ ಮಾಡಿದೆ. ನಾಲ್ಕನೇ ದಿನ ಅವರೇ ಹೊರಗೆ ಬಂದು, "ಆ ನಲ್ಲಿ ಏನು ಪಾಪ ಮಾಡ್ತು? ಹೇಳೋದನ್ನ ಹೇಳಿಬಿಡು" ಎಂದರು. ಹೇಳಿದೆ. ಮೊದಲಾಳಿಯ ಗಡುವನ್ನೂ ಮುಚ್ಚಿಡದೆ ಹೇಳಿದೆ. ಅಕ್ಕ ಬಾಗಿಲು ಅರ್ಧ ತೆರೆದರು.

ಅಂದಿನಿಂದ ಪ್ರತಿ ಭಾನುವಾರ ಒಂದು ಗಂಟೆ ಹೊತ್ತು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಮೊದಲ ಭಾನುವಾರ ರಂಗಕ್ಕ ಒಂದು ಬನಿಯನ್ ತೋಳನ್ನು ಕಾಲು ಗಂಟೆ ಸವರಿದರು. "ಇದರ ಜೋಡಿ ಕಪ್ಪಲ್ ಹತ್ತಿ ಸಮುದ್ರ ದಾಟಿ ಹೋಗಿದೆ ತಂಬಿ. ಇದೊಂದೇ ಇಲ್ಲಿ ಉಳ್ಕೊಂಡ್ತು." ನನ್ನ ಬೆರಳು ತುರಿಸುತ್ತಿತ್ತು. ತೊಡೆಯನ್ನು ಇನ್ನಷ್ಟು ಒತ್ತಿ ಕೂತೆ. ಅಂದು ಒಲೆಯ ಪಕ್ಕದಿಂದ ಎದ್ದದ್ದು ಒಂದೇ ಚೀಲ, ಅದೂ ಷರತ್ತಿನ ಮೇಲೆ: "ವೇಸ್ಟ್ ಅಂಗಡಿಗೆ ಬೇಡ. ನಿನ್ನ ಮನೇಲಿ ಜೋಪಾನವಾಗಿ ಇಟ್ಕೋ. ನಾನು ಬಂದು ನೋಡ್ತೀನಿ."

ಒಮ್ಮೆ ಕದ್ದವನು ಇನ್ನೇನು ಹೇಳಲಿ? ಒಪ್ಪಿದೆ.

ಯುಗಾದಿಯ ಹಿಂದಿನ ದಿನ ಮೊದಲಾಳಿ ಬಂದರು. ಒಲೆಯ ಸುತ್ತ ಎರಡು ಮೊಳ ನೆಲ ಕಾಣುತ್ತಿತ್ತು. ಬಾಗಿಲಿಂದ ಒಲೆಯವರೆಗೆ ಒಬ್ಬರು ನೇರ ನಡೆಯಬಹುದಿತ್ತು. ಕಿಟಕಿಯನ್ನು ರಂಗಕ್ಕನೇ ತೆರೆದು ತೋರಿಸಿದರು. ನರ್ಸಮ್ಮನ ಜೊತೆ ಎರಡು ಸಲ ಡಾಕ್ಟರ ಹತ್ತಿರ ಹೋಗಿಬಂದದ್ದನ್ನೂ ಹೇಳಿದರು. ಉಳಿದ ಗೋಡೆಗಳು ಇನ್ನೂ ಚೀಲದವೇ. ಮೊದಲಾಳಿ ತಲೆ ಕೆರೆದುಕೊಂಡು, "ಸರಿ, ಇರ್ಲಿ" ಎಂದರು. ರಂಗಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ಸೆಕೆಗೆ.

ಮನೆಗೆ ಬಂದರೆ ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಒಂಬತ್ತನೇ ನಂಬರಿನ ಅಕ್ಕ ಉಳ್ಕೊಂಡ್ರಂತೆ, ಸಂತೋಷ. ನಮ್ಮನ್ನ ಯಾವಾಗ ಖಾಲಿ ಮಾಡಿಸ್ತಾರೆ, ಮ್ಯಾನೇಜರ್ ಸಾರ್?"

ಉತ್ತರ ಕೊಡುವ ಮೊದಲು ಒಳಗೆ ಹೋಗಿ ಎಣಿಸಿದೆ. ಈಗ ನನ್ನಲ್ಲಿರುವುದು: ಕಟಿಂಗ್ ಬಟ್ಟೆಯ ಚೀಲ ಹದಿನೇಳು, ಖಾಲಿ ಕೋನು ಇನ್ನೂರ ಹತ್ತು, ಅಟ್ಟೆಪೆಟ್ಟಿಗೆ ಒಂಬತ್ತು, ಹೆಂಡತಿ ಒಬ್ಬಳು, ಇಬ್ಬರಿಗೂ ಸೇರಿ ಮಲಗಲು ಒಂದು ಚಾಪೆಯಷ್ಟು ಜಾಗ.