ಕೆಮ್ಮದ ಸಭೆ

ನೈಜೆಲ್ ಟ್ವೆಡಲ್‌ನ ಫೋನು ಚಹಾದ ಹಂಡೆಗೆ ಬಿದ್ದದ್ದು ಭಕ್ತಿಯ ಭರದಲ್ಲಿ. ಶನಿವಾರ ಸಂಜೆ, ಕಡಲತೀರದ ರಜಾ ಶಿಬಿರದ ದೊಡ್ಡ ಡೇರೆಯಲ್ಲಿ ಆರಾಧನಾ ಉತ್ಸವದ ಕೊನೆಯ ಹಾಡು ನಡೆದಿತ್ತು. ವೇದಿಕೆಯ ಮೇಲೆ ಹಾಡುತ್ತಿದ್ದವನು ಜೋಯಲ್ ಎಂಬ ಎಳೆಯ, ಮೊಣಕಾಲು ಹರಿದ ಪ್ಯಾಂಟಿನವನು. ಡೇರೆ ತುಂಬ ಜನ ಅವನ ಜೊತೆ ಗಂಟಲು ಹರಿದುಕೊಂಡು ಹಾಡುತ್ತಿದ್ದರು. ಹೊಟ್ಟೆಕಿಚ್ಚು ಪಡುವುದು ವಿಶ್ವಾಸಿಗೆ ತಕ್ಕದ್ದಲ್ಲವೆಂದು, ಚಹಾದ ಮೇಜಿನ ಹಿಂದೆ ನಿಂತಿದ್ದ ನೈಜೆಲ್ ತಾನೂ ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, ಮುಂದಕ್ಕೆ ಬಾಗಿದ. ಅಂಗಿಯ ಜೇಬಿನಲ್ಲಿದ್ದ ಫೋನು ಡುಬುಕ್ಕನೆ ಹಂಡೆಯೊಳಗೆ ಇಳಿಯಿತು. ಚಹಾ ಹಂಚುತ್ತಿದ್ದ ಹೆಂಗಸು, "ಅದಕ್ಕೆ ಸಕ್ಕರೆ ಬೇಕಾ?" ಎಂದು ಕೇಳಿದಳು.

ನೈಜೆಲ್‌ಗೆ ಐವತ್ತಮೂರು ದಾಟಿತ್ತು. ಕಂಠ ಚೆನ್ನಾಗಿತ್ತು, ಶ್ರುತಿ ಶುದ್ಧವಾಗಿತ್ತು, ಗಿಟಾರ್ ಕೈಗೆ ಒಗ್ಗಿತ್ತು. ಒಂದೇ ಒಂದು ಕೊರತೆ: ಅವನು ಹಾಡಿದರೆ ಜನ ಕೇಳುತ್ತಿದ್ದರು, ಹಾಡುತ್ತಿರಲಿಲ್ಲ. ಕಛೇರಿ ಮಾಡುವವನ ಮುಂದೆ ಜನ ಬಾಯಿ ಮುಚ್ಚಿ ಕೂತರೆ ಅದು ಗೌರವ. ಆರಾಧನೆ ನಡೆಸುವವನ ಮುಂದೆ ಕೂತರೆ ಅದು ಶಾಪ. ಇಪ್ಪತ್ತು ವರ್ಷದಿಂದ ಅವನು ಆ ಶಾಪವನ್ನು ಗಿಟಾರಿನ ಜೊತೆಗೇ ಹೊತ್ತು ತಿರುಗುತ್ತಿದ್ದ.

ಊರೂರು ತಿರುಗಿ ಆರಾಧನೆ ನಡೆಸುವ ಅವರ ತಂಡದ ಕಾರುಬಾರು ನೋಡಿಕೊಳ್ಳುವ ಫಿಲಿಪಾ ಗಾಸ್ಲಿಂಗ್ ಅವತ್ತು ರಾತ್ರಿ ಅವನನ್ನು ಡೇರೆಯ ಮರೆಗೆ ಕರೆದಳು.

"ನೈಜೆಲ್, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೂರು ಕೆಥೆಡ್ರಲ್ ಆಯ್ತು. ಮೂರರಲ್ಲೂ ಜನ ಬಸ್ಸಿಗೆ ಕಾದವರ ಹಾಗೆ ಕೂತಿದ್ರು. ನಾಳೆ ಥಾರ್ನ್‌ಮಿನ್ಸ್ಟರ್, ಈ ಪ್ರವಾಸದಲ್ಲಿ ಅದೇ ಕೊನೇದು. ಅಲ್ಲಿ ಜನ ಬಾಯಿ ಬಿಟ್ಟು ಹಾಡಿದ್ರೆ ಬೇಸಿಗೆ ಉತ್ಸವಕ್ಕೆ ನೀವೇ ಖಾಯಂ ನಾಯಕರು. ಹಾಡದೇ ಹೋದ್ರೆ ಜೋಯಲ್."

"ಅವನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ."

"ಜನಕ್ಕೆ ಮೀಸೆ ಬೇಕಾಗಿಲ್ಲ. ನೀವು ಈಗ್ಲೇ ರೈಲು ಹತ್ತಿ. ನಾವು ಮೈಕು ಗೀಕು ಎಲ್ಲ ವ್ಯಾನಿಗೆ ಹಾಕ್ಕೊಂಡು ನಾಳೆ ಬರ್ತೀವಿ. ಒಂದು ನೆನಪಿರ್ಲಿ. ಅಲ್ಲಿನ ಡೀನ್, ಅಂದ್ರೆ ಮುಖ್ಯ ಪಾದ್ರಿ, ಮಹಾ ಶಿಸ್ತಿನವರು. ಗೋಪುರದಲ್ಲಿ ಏಳು ಹೊಡೀತಿದ್ದ ಹಾಗೇ ಶುರು ಆಗ್ಬೇಕು. ತಡ ಆಯ್ತೋ, ದೀಪ ಆರಿಸಿ ಮನೆಗೆ ಕಳಿಸ್ತಾರೆ."

ನೈಜೆಲ್ ಕೊನೆಯ ರೈಲು ಹಿಡಿದು ಥಾರ್ನ್‌ಮಿನ್ಸ್ಟರ್‌ಗೆ ಹೋಗಿ, ಕೆಥೆಡ್ರಲ್ಲಿನ ಬೆನ್ನಿಗಿದ್ದ ಮಿಸೆಸ್ ಆಕ್ಲಮ್ ಎಂಬ ವಿಧವೆಯ ಮನೆಯ ಬಾಡಿಗೆ ಕೋಣೆಯಲ್ಲಿ ಮಲಗಿದ. ಬೆಳಿಗ್ಗೆ ಗೋಪುರದಲ್ಲಿ ಎಂಟು ಹೊಡೆದದ್ದು ಕೇಳಿ ಗಡಬಡಿಸಿ ಎದ್ದು ಕೆಳಗಿಳಿದರೆ, ಮನೆಯೊಡತಿ ಇನ್ನೂ ರಾತ್ರಿಯುಡುಪಿನಲ್ಲಿ ಕಣ್ಣುಜ್ಜುತ್ತಿದ್ದಳು.

"ಯಾಕಪ್ಪಾ, ನಿದ್ದೆ ಬರ್ಲಿಲ್ವಾ? ಭಾನುವಾರ ಇಷ್ಟು ಬೇಗ ಎದ್ದುಬಿಟ್ಟಿದ್ದೀಯ."

"ಗಂಟೆ ಹೊಡೀತಲ್ಲಮ್ಮ."

"ಅದರ ಮಾತು ಬಿಡು," ಎಂದು ಅವಳು ಒಲೆ ಹಚ್ಚಿದಳು. "ಸಂಜೆ ನಮ್ಮ ಕೆಥೆಡ್ರಲ್‌ನಲ್ಲಿ ಹಾಡ್ತೀಯಂತೆ. ಯಾರ ಮುಂದೆ?"

"ಜನರ ಮುಂದೆ."

"ಹಂಗಾದ್ರೆ ಸರಿ," ಎಂದು ಅವಳು ಸಮಾಧಾನದ ಉಸಿರು ಬಿಟ್ಟಳು. ಆ ಸಮಾಧಾನ ಯಾಕೆಂದು ನೈಜೆಲ್‌ಗೆ ತಿಳಿಯಲಿಲ್ಲ. "ನಮ್ಮ ಯಜಮಾನ್ರೂ ಅಲ್ಲೇ ಹಾಡೋದು. ಗಾಯಕವೃಂದದಲ್ಲಿ ದಪ್ಪ ಕಂಠದವರು. ಊಟಕ್ಕೆ ಕೂತಾಗ ಕಿಟಕಿ ತೆಗೆದ್ರೆ ಈಗ್ಲೂ ಕೇಳಿಸುತ್ತೆ."

"ಓಹೋ. ಇನ್ನೂ ನಿವೃತ್ತಿ ಆಗಿಲ್ವಾ?"

"ಎಲ್ಲಿಂದ ಬಂತು ನಿವೃತ್ತಿ. ತೀರಿಕೊಂಡೇ ಆರು ವರ್ಷ ಆಯ್ತು," ಎನ್ನುತ್ತ ಅವಳು ಬಾಣಲೆಯ ಮೊಟ್ಟೆಯನ್ನು ಮಗುಚಿ ಹಾಕಿದಳು.

ನೈಜೆಲ್‌ನ ಕೈಯಲ್ಲಿದ್ದ ರೊಟ್ಟಿಯ ತುಂಡು ಬಾಯಿಯ ದಾರಿ ಮರೆಯಿತು. ಅಷ್ಟರಲ್ಲಿ ಪಕ್ಕದ ಮನೆಯವಳು ಬೇಲಿ ದಾಟಿ ಬಂದಳು. ಹಾಡುಗಾರ ಬಂದಿದ್ದಾನೆಂಬ ಸುದ್ದಿ ಅವಳಿಗೆ ಹೇಗೆ ಮುಟ್ಟಿತೋ ದೇವರೇ ಬಲ್ಲ. ಇಬ್ಬರೂ ಸೇರಿ ಅವನ ಬಾಯಿ ತೆರೆಸಿ, ಗಂಟಲು ನೋಡಿ, ಸಂತೆಯಲ್ಲಿ ಕುದುರೆಯ ಹಲ್ಲು ನೋಡಿದವರಂತೆ ತಲೆ ಆಡಿಸಿದರು. ಬೇಯಿಸಿದ ಈರುಳ್ಳಿಯ ರಸಕ್ಕೆ ಜೇನು ಬೆರೆಸಿ ಕುಡಿಸಿದರು. ಅದೂ ಸಾಲದೆಂದು ಬೆಂದ ಈರುಳ್ಳಿಯನ್ನೇ ಉಣ್ಣೆಯ ಕಾಲುಚೀಲದಲ್ಲಿ ತುಂಬಿ ಕೊರಳಿಗೆ ಕಟ್ಟಿದರು. ಬೇಡ ಎನ್ನಲು ಅವನು ಮೂರು ಸಲ ಬಾಯಿ ತೆರೆದ, ಮೂರು ಸಲವೂ ಚಮಚ ಒಳಗೆ ಹೋಯಿತು.

ಮಧ್ಯಾಹ್ನ ಅವನು ಕೆಥೆಡ್ರಲ್ಲಿಗೆ ಹೋದಾಗ ಅಲ್ಲಿದ್ದವನು ಪಾರುಪತ್ಯಗಾರ ಸ್ಕೇಫ್ ಒಬ್ಬನೇ. ಕಪ್ಪು ನಿಲುವಂಗಿ ತೊಟ್ಟ ಒಣಕಲು ಮನುಷ್ಯ, ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಒಳಗೆ ಹೊರಗಿಗಿಂತ ಚಳಿ. ಗೋಡೆಯಂಚಿನ ಗೋರಿಗಳ ಮೇಲೆ ಸತ್ತವರ ಕಲ್ಲಿನ ಮೂರ್ತಿಗಳು ಮಲಗಿದ್ದವು, ಒಂದರ ಪಾದದ ಬಳಿ ಕಲ್ಲಿನ ನಾಯಿ. ನೆಲವೆಲ್ಲ ಗೋರಿಯ ಚಪ್ಪಡಿ, ಕಾಲಿಟ್ಟಲ್ಲೆಲ್ಲ ಯಾರದೋ ಹೆಸರು. ನೈಜೆಲ್ ಒಂದೊಂದಕ್ಕೂ ಮನಸ್ಸಿನಲ್ಲೇ ಕ್ಷಮೆ ಕೇಳುತ್ತ ತುದಿಗಾಲಲ್ಲಿ ನಡೆದ.

"ಆರಾಮಾಗಿ ನಡೀರಿ ಸಾರ್," ಎಂದ ಸ್ಕೇಫ್. "ತುಳಿದ್ರೆ ಅವರೇನೂ ಬೇಜಾರು ಮಾಡ್ಕೊಳ್ಳಲ್ಲ. ಹಾಡು ಕೆಟ್ಟದಾಗಿದ್ರೆ ಮಾತ್ರ ಸ್ವಲ್ಪ ಕಿರಿಕಿರಿ."

ನೈಜೆಲ್ ನಕ್ಕ. ಸ್ಕೇಫ್ ನಗಲಿಲ್ಲ.

ಕಂಠ ಪರೀಕ್ಷೆಗೆಂದು ನೈಜೆಲ್ ಒಂದು ಸಾಲು ಹಾಡಿದ. ದನಿ ಕಮಾನುಗಳ ಮೇಲಕ್ಕೆ ಏರಿ ಕತ್ತಲಲ್ಲಿ ಕರಗಿತು. ಎಷ್ಟೋ ಹೊತ್ತಿನ ಮೇಲೆ, ಮರೆತೇಹೋಯಿತು ಎನ್ನುವಾಗ, ತಿರುಗಿ ಬಂತು. ಆದರೆ ಮೇಲಿನಿಂದಲ್ಲ, ನೆಲದ ಕಡೆಯಿಂದ. ಅದೂ ಅವನು ಹಾಡಿದ ಸ್ವರದಲ್ಲಲ್ಲ, ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗೆ, ಜೊತೆಗೂಡಿಸಿದ ಹಾಗೆ.

"ನಾನು ಹಾಡಿದ್ದು ಆ ಸ್ವರ ಅಲ್ಲ," ಎಂದ ನೈಜೆಲ್.

"ಹಳೇ ಕಟ್ಟಡ ಸಾರ್."

"ಹಳೇ ಕಟ್ಟಡ ಅಂದ್ರೆ ಸ್ವರ ಬದಲಾಯಿಸುತ್ತಾ?"

"ಹೋದ ತಿಂಗಳು ಒಬ್ಬರು ಬಂದಿದ್ರು. ಅವರದ್ದು ವಾಪಸ್ಸೇ ಬರ್ಲಿಲ್ಲ. ನಿಮ್ಮದು ಬಂತಲ್ಲ, ಸಂತೋಷ ಪಡಿ." ಸ್ಕೇಫ್ ಕೊನೆಯ ಕುರ್ಚಿಯನ್ನು ಸರಿಪಡಿಸಿದ. "ಸಂಜೆ ನನಗೆ ಗೋಪುರದಲ್ಲಿ ಸ್ವಲ್ಪ ಕೆಲಸ ಇದೆ. ಮುಗಿಸ್ಕೊಂಡು ಬಂದು ನಾನೇ ಬಾಗಿಲು ತೆಗೀತೀನಿ. ಅಲ್ಲೀವರೆಗೆ ನೀವು ಒಳಕೋಣೇಲಿ ಬೆಚ್ಚಗೆ ಕೂತಿರಿ."

ಒಳಕೋಣೆಯಲ್ಲಿ ಬೆಚ್ಚಗೆ ಎನ್ನುವುದು ಹೆಸರಿಗೂ ಇರಲಿಲ್ಲ. ಬೇಗನೆ ಕತ್ತಲಾಯಿತು. ನೈಜೆಲ್ ಗಿಟಾರಿನ ಶ್ರುತಿ ಕೂಡಿಸಿದ, ಕಾಲುಚೀಲದ ಈರುಳ್ಳಿ ತಣ್ಣಗಾಯಿತು, ವ್ಯಾನು ಬರಲಿಲ್ಲ. ಫೋನು ಮಾಡೋಣವೆಂದರೆ ಫೋನು ಚಹಾ ಕುಡಿದು ಸತ್ತಿತ್ತು. ಈ ಒಂದು ಸಂಜೆ ಕೈಕೊಟ್ಟರೆ ಮುಂದೆ ಮಕ್ಕಳ ಹುಟ್ಟುಹಬ್ಬಗಳಲ್ಲಿ ಹಾಡಿಕೊಂಡಿರಬೇಕಾದೀತೆಂದು ನೆನೆದು ಅವನಿಗೆ ಅಳು ಬಂತು. ಮೊಣಕಾಲೂರಿ ಮನಸಾರೆ ಬೇಡಿಕೊಂಡ: "ಕರ್ತನೇ, ನನಗೆ ಹೆಸರು ಬೇಡ, ಚಪ್ಪಾಳೆ ಬೇಡ. ಹಾಡೋ ಜನ ಕೊಡು. ಯಾರಾದ್ರೂ ಸರಿ." ದೇವರ ಹತ್ತಿರ ಮಾತಾಡುವಾಗ ಷರತ್ತುಗಳನ್ನು ಸ್ಪಷ್ಟವಾಗಿ ಹೇಳಿಕೊಳ್ಳಬೇಕೆಂಬುದು ಅವನಿಗೆ ಹೊಳೆಯಲಿಲ್ಲ.

ಗೋಪುರದಲ್ಲಿ ಏಳು ಹೊಡೆಯಿತು.

ನೈಜೆಲ್ ಬಾಗಿಲ ಸಂದಿಯಿಂದ ಇಣುಕಿದ. ಕುರ್ಚಿಗಳೆಲ್ಲ ಭರ್ತಿ. ಅಂಚಿನ ಕಂಬಗಳಿಗೊರಗಿ ಕೂಡ ಜನ ನಿಂತಿದ್ದರು. ಯಾವಾಗ ಬಂದರು, ಬಾಗಿಲು ಕಿರುಗುಟ್ಟಿದ್ದೂ ಕೇಳಲಿಲ್ಲವಲ್ಲ ಎಂದುಕೊಂಡ. ವ್ಯಾನಿಲ್ಲ, ಮೈಕಿಲ್ಲ, ಮೂರು ನಾಲ್ಕು ಮೇಣದ ಬತ್ತಿ ಬಿಟ್ಟರೆ ದೀಪವೂ ಇಲ್ಲ. ಆದರೆ ತಡವಾದರೆ ಡೀನ್. ಗಿಟಾರ್ ಎತ್ತಿಕೊಂಡು ಒಬ್ಬನೇ ಹೊರಟ.

ಮುಂದಿನ ಸಾಲಿನಲ್ಲಿ ಗಂಜಿ ಹಾಕಿದ ಬಿಳಿ ತಲೆವಸ್ತ್ರದ ಹೆಂಗಸು ಕೈಮುಗಿದು ಕೂತಿದ್ದಳು. ಪಕ್ಕದಲ್ಲಿ ಕಬ್ಬಿಣದ ಅಂಗಿ ತೊಟ್ಟ ಗಂಡಸು, ಅವನ ಪಾದದ ಬಳಿ ಒಂದು ಪುಟ್ಟ ನಾಯಿ. ಊರಿನ ನಾಟಕ ಮಂಡಳಿಯವರು ತಾಲೀಮಿನಿಂದ ನೇರ ಬಂದಿರಬೇಕೆಂದು ನೈಜೆಲ್ ತನಗೆ ತಾನೇ ಹೇಳಿಕೊಂಡ. ನಾಯಿ ಕಣ್ಣು ಮಿಟುಕಿಸಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಯಾರೂ ಕೆಮ್ಮಲಿಲ್ಲ. ಅಕ್ಟೋಬರ್ ಕೊನೆಯ ಚಳಿಯಲ್ಲಿ, ಇಂಗ್ಲೆಂಡಿನ ಒಂದು ಕೆಥೆಡ್ರಲ್ ತುಂಬ ಜನ ಕೂತು ಒಬ್ಬರೂ ಕೆಮ್ಮದೆ ಇರುವುದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಮೊದಲ ಹಾಡು ಹಾಡಿದ. ಸಭೆ ಮಿಸುಕಲಿಲ್ಲ. ಎರಡನೆಯದನ್ನು ಕೈ ತಟ್ಟುತ್ತ ಹಾಡಿದ. ತಟ್ಟಿದ್ದು ಅವನೊಬ್ಬನೇ. ಮೂರನೆಯದರ ನಡುವೆ ಅವನ ಎದೆ ಒಡೆಯಿತು. ಗಿಟಾರ್ ಕೆಳಗಿಳಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

"ನೋಡಿ, ನನಗೆ ನಾಚಿಕೆ ಬಿಟ್ಟು ಕೇಳೋ ಹೊತ್ತು ಬಂದಿದೆ. ನನ್ನ ಜೊತೆ ಯಾರೂ ಹಾಡಲ್ಲ. ಯಾಕೆ ಅಂತ ನನಗೂ ಗೊತ್ತಿಲ್ಲ. ಇವತ್ತೂ ನೀವು ಸುಮ್ನೆ ಕೂತ್ರೆ ನನ್ನ ಕತೆ ಮುಗೀತು. ದಮ್ಮಯ್ಯ, ಒಂದೇ ಒಂದು ಸಾಲು ಹಾಡಿ."

ಬತ್ತಿಯ ಜ್ವಾಲೆ ಒಂದೇ ಕಡೆಗೆ ವಾಲಿತು. ಆಮೇಲೆ, ಕಂಬದ ಬಳಿ ಮನೆಯ ಚಪ್ಪಲಿಯಲ್ಲೇ ಬಂದಿದ್ದ ದಪ್ಪ ಮನುಷ್ಯನೊಬ್ಬ ಬಾಯಿ ತೆರೆದ. ಬಾವಿಯ ತಳದಿಂದ ಬಂದಂಥ ದನಿ. ಬಿಳಿ ತಲೆವಸ್ತ್ರದವಳು ಮೇಲಿನ ಸ್ವರ ಹಿಡಿದಳು. ಕಬ್ಬಿಣದ ಅಂಗಿಯವನು ಎದ್ದು ನಿಂತ. ಸಾಲಿಂದ ಸಾಲಿಗೆ ಹಬ್ಬಿ ಇಡೀ ಸಭೆ ಹಾಡತೊಡಗಿತು, ಬಾರದ ಹಾಡನ್ನು ಒಂದೇ ಸಲಕ್ಕೆ ಕಲಿತು, ನಾಲ್ಕು ಪಾಲಾಗಿ ಬೇರ್ಪಟ್ಟು, ಮತ್ತೆ ಒಂದಾಗಿ.

ದನಿ ನೆಲದೊಳಗಿಂದಲೂ ಬರುತ್ತಿತ್ತು. ನೈಜೆಲ್‌ಗೆ ಅದು ಬೂಟಿನ ಅಟ್ಟೆಯಲ್ಲಿ ತಿಳಿಯುತ್ತಿತ್ತು. ಹೆದರಿಕೆಯಾಯಿತು, ನಿಜ. ಆದರೆ ಸಭೆ ಹಾಡುತ್ತಿದೆಯಲ್ಲ. ಇಪ್ಪತ್ತು ವರ್ಷ ಇದಕ್ಕಾಗಿ ಬಾಯಿಬಿಟ್ಟುಕೊಂಡು ಕಾದವನು ಅಂಥ ಹೊತ್ತಿನಲ್ಲಿ ಪಾದದ ಕೆಳಗೆ ನೋಡುತ್ತ ನಿಲ್ಲುತ್ತಾನೆಯೇ? ಅವನು ಮೈಕಿಲ್ಲದೆ, ಅವರೆಲ್ಲರ ದನಿಯ ಮೇಲೆ ದನಿ ಎತ್ತಿ ಹಾಡಿದ. ಗೊತ್ತಿದ್ದ ಹಾಡುಗಳೆಲ್ಲ ಮುಗಿದವು. ಅವರು ಇನ್ನೂ ಬೇಕೆಂಬಂತೆ ನೋಡಿದರು. ಮರೆತ ಹಾಡುಗಳನ್ನೂ ಹಾಡಿದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಡೆಯ ಹಾಡಿನ ಕಡೆಯ ಸ್ವರದಲ್ಲಿ ಗಂಟಲು ಹಳೆಯ ಬಟ್ಟೆ ಹರಿದ ಹಾಗೆ ಪರ್ ಎಂದಿತು. ಕಣ್ಣು ಮುಚ್ಚಿ ತುಟಿಯಲ್ಲೇ ಆಮೆನ್ ಎಂದ.

ಕಣ್ಣು ತೆರೆದಾಗ ಯಾರೂ ಇರಲಿಲ್ಲ. ಕುರ್ಚಿಗಳು ಸ್ಕೇಫ್ ಜೋಡಿಸಿಟ್ಟ ಹಾಗೇ ಇದ್ದವು, ಒಂದೂ ಓರೆಯಾಗಿರಲಿಲ್ಲ. ಪಾಪ, ಬಸ್ಸಿಗೆ ಹೊತ್ತಾಯಿತೇನೋ ಎಂದು ನೈಜೆಲ್ ಬಲವಂತವಾಗಿ ಅಂದುಕೊಂಡ.

ಅಷ್ಟರಲ್ಲಿ ಗೋಪುರದ ಮೆಟ್ಟಿಲಿಳಿದು ಸ್ಕೇಫ್ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಂದ.

"ಕ್ಷಮಿಸಿ ಸಾರ್, ಮುಳ್ಳು ಸ್ವಲ್ಪ ಹಟ ಮಾಡ್ತು. ಇವತ್ತು ಚಳಿಗಾಲಕ್ಕೆ ಅಂತ ದೇಶವೆಲ್ಲ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸೋ ಭಾನುವಾರ ನೋಡಿ. ಊರಿಗೆಲ್ಲ ನಿನ್ನೆ ರಾತ್ರಿಯೇ ಬದಲಾಯ್ತು. ನಮ್ಮ ಗೋಪುರದ್ದನ್ನ ಮಾತ್ರ ಭಾನುವಾರ ಸಂಜೆ ತಿರುಗಿಸೋದು ಪದ್ಧತಿ. ಅಲ್ಲೀವರೆಗೆ ಅದು ಒಂದು ಗಂಟೆ ಮುಂದೆ ಓಡ್ತಿರುತ್ತೆ, ಆಗ ಹೊಡೆದ ಏಳು ನಿಜವಾಗಿ ಆರು. ಈಗ ಸರಿಯಾಯ್ತು. ನೀವು ತಯಾರಾಗಿ, ಬಾಗಿಲು ತೆಗೀತೀನಿ. ಹೊರಗೆ ಜನ ಸಾಲುಗಟ್ಟಿ ನಿಂತಿದ್ದಾರೆ."

ಗೋಪುರದಲ್ಲಿ ಮತ್ತೆ ಏಳು ಹೊಡೆಯಿತು. ದೀಪಗಳು ಹತ್ತಿದವು. ಬಾಗಿಲು ತೆರೆಯಿತು. ಜನ ನುಗ್ಗಿದರು: ಕೊಡೆ ಕೊಡವುತ್ತ, ಮೂಗು ಒರೆಸುತ್ತ, ಖೊಕ್ ಖೊಕ್ ಎಂದು ಕೆಮ್ಮುತ್ತ. ಆ ಕೆಮ್ಮು ಕಿವಿಗೆ ಬಿದ್ದೊಡನೆ, ಇಷ್ಟು ಹೊತ್ತು ತಾನು ಯಾರಿಗೆ ಹಾಡಿದೆನೆಂಬುದು ನೈಜೆಲ್‌ಗೆ ಹೊಳೆಯಿತು.

ಫಿಲಿಪಾ ಅವಸರದಿಂದ ಬಂದಳು. ಹಿಂದೆ ಜೋಯಲ್, ಅವನ ಹಿಂದೆ ಮೈಕು ಹೊತ್ತವರು.

"ಇವತ್ತು ನಿಮ್ಮ ಅದೃಷ್ಟ, ನೈಜೆಲ್. ಸಾಲಿನಲ್ಲಿ ನಿಂತವರು ಆಗ್ಲೇ ಗುನುಗ್ತಾ ಇದ್ರು. ಒಳಗಿಂದ ಯಾವುದೋ ಹಾಡು ಕೇಳಿಸ್ತಿತ್ತಂತೆ. ಶುರು ಮಾಡಿ. ಇದೇನ್ರೀ ಈರುಳ್ಳಿ ವಾಸನೆ?"

ನೈಜೆಲ್ ಬಾಯಿ ತೆರೆದ. ತುಕ್ಕು ಹಿಡಿದ ಕೀಲು ತಿರುಗಿದ ಸದ್ದು ಬಂತು. ಇನ್ನೊಮ್ಮೆ ಯತ್ನಿಸಿದ. ಅದೂ ಬರಲಿಲ್ಲ.

ಫಿಲಿಪಾ ಅವನ ಕೈಯಿಂದ ಗಿಟಾರನ್ನು ಮೆಲ್ಲಗೆ ತೆಗೆದು ಜೋಯಲ್‌ನ ಕೈಗೆ ಕೊಟ್ಟಳು. ಜೋಯಲ್ ಮೊದಲ ಸಾಲು ಎತ್ತುವುದೇ ತಡ, ಥಾರ್ನ್‌ಮಿನ್ಸ್ಟರ್‌ನ ಜನ ಎದ್ದು ನಿಂತು ಹಾಡಿದರು. ನೈಜೆಲ್ ಹಿಂದಿನ ಸಾಲಿನ ಕತ್ತಲೆಯ ಮೂಲೆಗೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಫಿಲಿಪಾ ಬಂದು ಭುಜ ತಟ್ಟಿ, "ಮನೇಲಿ ಚೆನ್ನಾಗಿ ವಿಶ್ರಾಂತಿ ತಗೊಳ್ಳಿ. ಬೇಸಿಗೆ ಉತ್ಸವ ಜೋಯಲ್ ನೋಡ್ಕೋತಾನೆ," ಎಂದು ಹೇಳಿ ಹೋದಳು. ಅವನಿಗೆ ಅಳಲೂ ದನಿಯಿರಲಿಲ್ಲ.

ಸ್ಕೇಫ್ ಬಂದು ಪಕ್ಕದಲ್ಲಿ ಕೂತ. ಕೆಲಸದ ಮಾತಾಡುವವನ ಹಾಗೆ ದನಿ ತಗ್ಗಿಸಿದ.

"ಸಾರ್, ನೀವು ಹಾಡಿದ್ದು ಮೇಲಿಂದ ಕೇಳಿಸ್ಕೊಂಡೆ. ಅವರಿಗೆ ಬಹಳ ಹಿಡಿಸಿದೆಯಂತೆ. ಅವರ ಹಳೇ ನಾಯಕರ ಗಂಟಲು ಕೆಟ್ಟು ಇನ್ನೂರು ವರ್ಷದ ಮೇಲಾಯ್ತು. ಅಲ್ಲಿಂದ ಜಾಗ ಖಾಲಿ ಇದೆ. ನಿಮ್ಮನ್ನೇ ತಗೋಬೇಕು ಅಂತ ಎಲ್ಲರೂ ಒಂದೇ ಮಾತಲ್ಲಿ ಹೇಳ್ತಿದ್ದಾರೆ. ಖಾಯಂ ಕೆಲಸ. ನಿಮಗೆ ಬೇಡ ಅಂದ್ರೆ ಈಗ್ಲೇ ಹೇಳಿಬಿಡಿ, ಆಮೇಲೆ ಮಾತು ತಪ್ಪಿದ ಹಾಗಾಗ್ಬಾರದು."

ನೈಜೆಲ್ ಬೇಡ ಎಂದ. ತುಟಿ ಅಲುಗಿತು, ದನಿ ಹೊರಡಲಿಲ್ಲ. ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಆಡಿಸಿದ. ಮೂಲೆ ಕತ್ತಲಾಗಿತ್ತು, ಸ್ಕೇಫ್ ಆಗಲೇ ನೆಲದ ಕಡೆ ಬಾಗಿದ್ದ. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರಲ್ಲ, ಅದು ಎಲ್ಲ ದೇಶಕ್ಕೂ ಸಲ್ಲುವ ಮಾತು. ಸ್ಕೇಫ್ ಚಪ್ಪಡಿಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, "ಒಪ್ಕೊಂಡಿದ್ದಾರೆ," ಎಂದ. ಕೆಳಗಿನಿಂದ ಬಂದ ಉತ್ತರಕ್ಕೆ ಕಿವಿಗೊಟ್ಟು, ತಲೆದೂಗಿ, ನೆಟ್ಟಗಾದ.

"ಆತುರ ಏನಿಲ್ವಂತೆ ಸಾರ್," ಎಂದ ಅವನು. "ನಿಮ್ಮ ಅನುಕೂಲ ನೋಡ್ಕೊಂಡು ಬಂದ್ರೆ ಸಾಕಂತೆ."