ಚಿಗರೆಯ ಬೆನ್ನಿಗೆ ತಾಗಿದ ಗೋಲಿನ ವಿಷಯವಾಗಿ

ಮಾನ್ಯ ಕಾರ್ಯದರ್ಶಿಗಳೇ,

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಭಾರವನ್ನೆಲ್ಲ ಹೆಗಲ ಮೇಲೆ ಹೊತ್ತು, ಆ ಹೆಗಲಿನ ಕೋಟು ಒಂದಿಷ್ಟೂ ಸುಕ್ಕಾಗದಂತೆ ನೋಡಿಕೊಂಡಿರುವ ತಮಗೆ, ಮೈದಾನದ ಗೇಟಿನ ಎದುರಿನ ಕ್ಷೌರದಂಗಡಿಯವನ ತಲೆಬಾಗಿದ ವಂದನೆಗಳು. ಊರಿನವರ ತಲೆಗಳನ್ನು ಬಾಗಿಸುವುದೇ ಕಸುಬಾದ ನಾನು ನನ್ನದನ್ನು ಬಾಗಿಸುವುದು ಅಪರೂಪವೆಂಬುದನ್ನು ತಾವು ಬಲ್ಲಿರಿ. ತಮ್ಮ ತಲೆಯೂ ಆಗಾಗ ನನ್ನ ಕತ್ತರಿಯ ಕೆಳಗೆ ಬರುವುದರಿಂದ ಈ ಪತ್ರವನ್ನು ಪೂರ್ತಿ ಓದುವಿರೆಂಬ ಭರವಸೆ ನನಗಿದೆ.

ಭಾನುವಾರದ ಪಂದ್ಯದಲ್ಲಿ ನಮ್ಮ ತಂಡ ಪದ್ಧತಿಯಂತೆ ಸೋತ ಮೇಲೆ, ಅಭಿಮಾನಿಗಳು ಆ ಮುಖ ಹೊತ್ತು ನೇರ ಮನೆಗೆ ಹೋಗಲಾರದೆ ನನ್ನ ಅಂಗಡಿಯ ಬೆಂಚಿನಲ್ಲಿ ಕೂತು ಹಳೆಯ ಆಟಗಾರರನ್ನು ನೆನೆಯುತ್ತಾರೆ. ಈಗಿನ ತಂಡ ಸೋಲಿಸಿದ ಮನಸ್ಸನ್ನು ಹಳೆಯ ತಂಡ ಗೆಲ್ಲಿಸಿ ಕಳಿಸುತ್ತದೆ. 'ಗೋಡೆ' ಎಂದು ಹೆಸರಾಗಿದ್ದ ನಮ್ಮ ಹಳೆಯ ಗೋಲ್‌ಕೀಪರ್ ಆಡುತ್ತಿದ್ದ ಕಾಲದಲ್ಲಿ ಗೋಲಿನ ಮೇಲಿನ ಕಂಬಿಯನ್ನು ಬೆರಳ ತುದಿಯಲ್ಲಿ ಮುಟ್ಟುತ್ತಿದ್ದರು. ನಿವೃತ್ತರಾದ ಮೇಲೆ ನನ್ನ ಬೆಂಚಿನವರ ಬಾಯಲ್ಲಿ ಅಭ್ಯಾಸ ಮುಂದುವರಿಸಿ, ಈಗ ಮೊಣಕೈಯನ್ನೇ ಮುಟ್ಟಿಸುವ ಮಟ್ಟಕ್ಕೆ ಬಂದಿದ್ದಾರೆ. ಇದಕ್ಕೆ ಕ್ಲಬ್ಬಿಗೆ ಕಾಸಿನ ಖರ್ಚೂ ಇಲ್ಲ.

ಈ ಬೆಂಚಿನ ದೊಡ್ಡ ಮಾತುಗಾರರು ನನ್ನ ಅಕ್ಕನ ಗಂಡ. ನಾವು ಕಪ್ ಗೆದ್ದ ಆ ಒಂದೇ ಫೈನಲ್‌ನ ದಿನ ಭಾವ ಬಸ್ ಓಡಿಸುತ್ತಿದ್ದರು. ಮೈದಾನದೊಳಗಿನ ಕೂಗು ಕೇಳಿ ಕಾಂಪೌಂಡ್ ಪಕ್ಕದಲ್ಲಿ ಬಸ್ ನಿಲ್ಲಿಸಿ, ಹಿಂದಿನ ಏಣಿ ಹತ್ತಿ ಮೇಲೆ ನಿಂತರು. ಪ್ರಯಾಣಿಕರಲ್ಲಿ ಅರ್ಧ ಜನ ಬೈದರು, ಉಳಿದರ್ಧ ಜನ ಅವರ ಹಿಂದೆಯೇ ಏಣಿ ಹತ್ತಿದರು. ಆಗ ನಮ್ಮ ಎಡಗಡೆಯ ಓಟಗಾರ, ಜಿಂಕೆಯಂಥ ಓಟಕ್ಕಾಗಿ ಎಲ್ಲರ ಬಾಯಲ್ಲಿ 'ಚಿಗರೆ' ಎನಿಸಿಕೊಂಡವರು, ಮೈದಾನದ ಮಧ್ಯದಿಂದ ಚೆಂಡು ಹಿಡಿದು, ಎದುರು ಬಂದವರನ್ನೆಲ್ಲ ಬುಗುರಿಯಂತೆ ತಿರುಗಿಸಿ ಗೋಲು ಹೊಡೆದರು. ಬಸ್ಸಿನವರು ಭಾವನನ್ನು ಮಾರನೆಯ ದಿನವೇ ಕೆಲಸದಿಂದ ತೆಗೆದರು. ಲಾರಿ ಕೆಲಸ ಸಿಗುವವರೆಗೆ ಸಂಸಾರ ನಡೆದದ್ದು ಅಕ್ಕನ ಹೊಲಿಗೆ ಯಂತ್ರದ ಮೇಲೆ. ಮನೆಗೆ ಬಂದ ಯಾರಾದರೂ ಕೆದಕಿದರೆ ಭಾವ, "ಆ ಗೋಲ್ ನೋಡಿದ ಕಣ್ಣಿಗೆ ಕೆಲಸ ಯಾವ ಲೆಕ್ಕ ಹೋಗ್ರಿ!" ಎನ್ನುತ್ತಿದ್ದರು. ಅಕ್ಕ ಒಳಗಿನಿಂದ ಯಂತ್ರವನ್ನು ಸ್ವಲ್ಪ ಜೋರಾಗಿ ತುಳಿಯುತ್ತಿದ್ದಳು, ಅಷ್ಟೆ.

ಹೀಗಿರುವಾಗ ತಮಗೆ ಹಳೆಯ ಆಟಗಾರರನ್ನು ಸನ್ಮಾನಿಸುವ ಸದ್ಬುದ್ಧಿ ಬಂತು. ಬೇರೆ ಊರಿನಲ್ಲಿ ನೀರಿನ ಪಂಪು ಮಾರಿಕೊಂಡು ಯಾರ ನೆನಪಿಗೂ ಅಡ್ಡಬರದಂತೆ ಬದುಕಿದ್ದ ಚಿಗರೆಯನ್ನು ಹುಡುಕಿ ಕರೆಸಿದಿರಿ. ವೇದಿಕೆಯ ಮೆಟ್ಟಿಲಲ್ಲಿ ನಡುವೆ ನಿಂತು ಸುಧಾರಿಸಿಕೊಂಡು ಮೇಲೆ ಬಂದ ಅವರು, ಶಾಲು ಹೊದ್ದು, ಮೈಕಿನಲ್ಲಿ ಹೇಳಿದ್ದು ಇಷ್ಟು: "ಆ ಗೋಲ್ ನಾನು ಹೊಡೆದಿದ್ದಲ್ಲ. ಲೇಸ್ ಬಿಚ್ಚಿತ್ತು, ಕಟ್ಟೋಕೆ ಬಗ್ಗಿದ್ದೆ. ನಮ್ಮವರೇ ಒದ್ದ ಚೆಂಡು ಬೆನ್ನಿಗೆ ಬಡಿದು ಒಳಗೆ ಹೋಯ್ತು." ಜನ ನಕ್ಕರು. ಮೊದಲು ಚಪ್ಪಾಳೆ ತಟ್ಟಿದವರು ತಾವು. ನಮ್ಮ ಕ್ಲಬ್ಬಿನ ಇತಿಹಾಸದಲ್ಲಿ ಸತ್ಯಕ್ಕೆಂದು ಬಾಡಿಗೆಯ ಧ್ವನಿವರ್ಧಕ ತರಿಸಿದ ಮೊದಲ ಕಾರ್ಯದರ್ಶಿ ತಾವೆಂದು ಹೆಮ್ಮೆಯಿಂದ ಹೇಳಬಲ್ಲೆ.

ಭಾವ ನಗಲಿಲ್ಲ. ಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು: "ಹಾಗಾದ್ರೆ ನಾನು ಅಷ್ಟು ದಿನ ಕಣ್ಣು ಕಳಕೊಂಡು ಹೊಲಿದಿದ್ದು ಒಬ್ಬರ ಬೆನ್ನಿಗೆ ತಾಗಿದ ಚೆಂಡಿಗಾ?" ಭಾವ ಮುಸುಕೆಳೆದುಕೊಂಡರು. ಅಂಗಡಿಗೂ ಬರಲಿಲ್ಲ. ಉಳಿದವರು ಬೆಂಚಿನಲ್ಲಿ ಕೂತು ಬೇರೆ ಆಟಗಾರರನ್ನು ನೆನೆಯಲು ನೋಡಿದರು. ಆದರೆ ಬಾಯಿ ತೆರೆದವನು ಮೊದಲು ಬಾಗಿಲ ಕಡೆ ನೋಡುತ್ತಿದ್ದ, ನೆನಪಾದವರು ಖುದ್ದಾಗಿ ಬಂದುಬಿಟ್ಟರೆ ಎಂಬ ಹೆದರಿಕೆಯಿಂದ. ಗೋಡೆಯವರ ಜಿಗಿತ ಒಂದೇ ವಾರದಲ್ಲಿ ಗೇಣುದ್ದಕ್ಕೆ ಇಳಿಯಿತು.

ದೂರು ಕೊಡಲು ತಮ್ಮ ಕಚೇರಿಗೆ ಬಂದೆ. ತಾವು ಊಟಕ್ಕೆ ಹೋಗಿದ್ದಿರಿ. ಸಂಜೆ ಬಂದಾಗಲೂ ಊಟ ಮುಗಿದಿರಲಿಲ್ಲ. ವಿಧಿಯಿಲ್ಲದೆ ಚಿಗರೆಯವರ ಅಂಗಡಿಗೇ ಫೋನು ಮಾಡಿ, ಭಾವನ ಕಥೆಯನ್ನೆಲ್ಲ ಹೇಳಿ, ನಾಲಿಗೆಗೆ ಬಂದಂತೆ ಬೈದೆ. ಅವರು ಪೂರ್ತಿ ಕೇಳಿಸಿಕೊಂಡು, "ಮನೆ ಎಲ್ಲಿ?" ಎಂದರು. ಮುಂದಿನ ಶನಿವಾರ ಸ್ವಂತ ಖರ್ಚಿನಲ್ಲಿ ಟಿಕೆಟ್ ತೆಗೆದುಕೊಂಡು ಬಂದರು.

ನಾನು ಕರೆದುಕೊಂಡು ಹೋದೆ. ಭಾವ ಮಂಚದಿಂದ ಏಳಲಿಲ್ಲ. ಚಿಗರೆಯವರು ಸ್ಟೂಲು ಎಳೆದುಕೊಂಡು ಕೂತು, "ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ ಅಣ್ಣ. ನಾನು ನೆಲ ನೋಡ್ತಾ ಇದ್ದೆ. ತಲೆ ಎತ್ತೋದ್ರೊಳಗೆ ಎಲ್ಲರೂ ನನ್ನ ಮೇಲೆ ಬಿದ್ದಿದ್ರು. ನನ್ನ ಗೋಲ್ ನಾನೇ ನೋಡಿಲ್ಲ. ನೀವು ನೋಡಿದ್ದೀರಂತೆ, ಹೇಗಿತ್ತು ಹೇಳಿ" ಎಂದರು.

ಭಾವ ಗೋಡೆಯಿಂದ ಈ ಕಡೆಗೆ ಹೊರಳಿದರು. ಆಮೇಲೆ ಎದ್ದು ಕೂತು, "ಅಲ್ರೀ, ನೆಲ ನೋಡ್ತಿದ್ದವರು ಮೈಕ್ ಹಿಡ್ಕೊಂಡು ಸಾಕ್ಷಿ ಹೇಳಿದ್ರಾ? ಬಸ್ಸಿನ ಮೇಲಿದ್ದವನು ನಾನು!" ಎಂದು ಗದರಿದರು. ಚಿಗರೆ ತಲೆ ತಗ್ಗಿಸಿದರು. ಭಾವ ಶುರು ಮಾಡಿದರು: ಮೈದಾನದ ಮಧ್ಯ, ಒಬ್ಬನ ಎಡಕ್ಕೆ, ಇನ್ನೊಬ್ಬನ ಬಲಕ್ಕೆ. ಚಿಗರೆ ಬಾಯಿ ತೆರೆದುಕೊಂಡು, ಬೇರೆ ಯಾರದೋ ಆಟ ಕೇಳುವವರಂತೆ, "ಆಮೇಲೆ?" ಎನ್ನುತ್ತಿದ್ದರು. ಇನ್ನೇನು ಚೆಂಡು ಬಲೆಗೆ ಬೀಳಬೇಕು, ಒಳಗೆ ಹೊಲಿಗೆ ಯಂತ್ರ ನಿಂತಿತು.

"ಬೂಟು ಬಿಟ್ರಿ," ಎಂದಳು ಅಕ್ಕ. "ಹೊಡೆಯೋ ಹೊತ್ತಿಗೆ ಎಡಗಾಲಿನ ಬೂಟು ಕಳಚಿ ಹೋಗಿತ್ತು. ಯಾವಾಗಲೂ ಅಲ್ಲಿ ನಿಲ್ಲಿಸಿ ಹೇಳ್ತೀರಲ್ಲ, ಸರಿಯಾಗಿ ಹೇಳಿ."

ಚಿಗರೆ ತಮ್ಮ ಎಡಗಾಲನ್ನು ನೋಡಿಕೊಂಡರು. "ಎಡಗಾಲೇ," ಎಂದರು ಮೆಲ್ಲಗೆ. "ಲೇಸ್ ಬಿಚ್ಚಿದ್ದೂ ಅದರದ್ದೇ."

ಅಕ್ಕ ಮೂವರಿಗೂ ಚಹಾ ಕೊಟ್ಟಳು. ಭಾವನ ಲೋಟವನ್ನು ಮಾತ್ರ ಕೈಗೇ ಕೊಟ್ಟು, ಅವರು ಗೋಲು ಮುಗಿಸುವವರೆಗೆ ಅಲ್ಲೇ ನಿಂತಿದ್ದಳು. ಮಾರನೆಯ ದಿನ ಭಾವ ಅಂಗಡಿಗೆ ಬಂದರು.

ಆದುದರಿಂದ ತಮ್ಮಲ್ಲಿ ವಿನಂತಿ. ಆಟಗಾರನು ತನ್ನ ಆಟದ ಕುರಿತು ಸಾಕ್ಷಿ ಹೇಳುವುದನ್ನು ಕ್ಲಬ್ಬಿನ ನಿಯಮದಲ್ಲೇ ನಿಷೇಧಿಸಬೇಕು. ಮುಂದೆ ಯಾರನ್ನಾದರೂ ಸನ್ಮಾನಕ್ಕೆ ಕರೆಸಿದರೆ ಮೊದಲು ನನ್ನ ಅಂಗಡಿಗೆ ಕಳಿಸಿಕೊಡಬೇಕು. ಮುಖಕ್ಕೆ ಸೋಪು ಹಚ್ಚಿ, ಬಾಯಿ ತೆರೆಯಲಾಗದ ಆ ಹೊತ್ತಿನಲ್ಲಿ, ಅವರು ಏನೇನು ಸಾಧಿಸಿದ್ದಾರೆಂದು ಬೆಂಚಿನವರು ತಿಳಿಸಿಕೊಡುತ್ತಾರೆ. ಇನ್ನು ಈಗಿನ ತಂಡಕ್ಕೆ ಗೋಲಿನ ಮುಂದೆ ಆಗಾಗ ಬಗ್ಗಿ ನಿಲ್ಲುವ ತರಬೇತಿ ಕೊಡಿಸಬೇಕು. ಕಾಲಿನಿಂದ ಆಗದ್ದು ಬೆನ್ನಿನಿಂದಲಾದರೂ ಆದೀತು.

ತಮ್ಮ ಉತ್ತರವನ್ನು ನಿರೀಕ್ಷಿಸದಷ್ಟು ತಮ್ಮನ್ನು ಬಲ್ಲ,

ತಮ್ಮ ವಿಶ್ವಾಸಿ,
ಗೇಟಿನ ಎದುರಿನ ಕ್ಷೌರಿಕ

ತಾ.ಕ.: ಮುಂದಿನ ಚುನಾವಣೆಯಲ್ಲಿ ತಾವೂ ಮಾಜಿಗಳಾಗುವಿರೆಂದು ಬೆಂಚಿನಲ್ಲಿ ಮಾತಿದೆ. ತಮ್ಮ ಆಡಳಿತದಲ್ಲಿ ನೆನೆಯುವಂಥದ್ದು ಸದ್ಯಕ್ಕೆ ಯಾರಿಗೂ ಹೊಳೆದಿಲ್ಲ. ಚಿಂತಿಸಬೇಡಿ, ತಾವು ನಾಲ್ಕಾರು ವರ್ಷ ಈ ಕಡೆ ತಲೆ ಹಾಕದಿದ್ದರೆ ಏನಾದರೊಂದು ಹುಟ್ಟಿಕೊಳ್ಳುತ್ತದೆ.